ಹೊಸ ಟ್ರಾಕ್ಟರಿನ ಟೈರು: ಬದಲಿಸುವ ಮುಂಚೆ ಗಾಲಿ ಎಣಿಸಿ ನೋಡಿ

ಮುಂಗಾರು ಹಂಗಾಮು ಹತ್ತಿರ ಬರುತ್ತಿದ್ದಂತೆ ನಮ್ಮ ಕಚೇರಿಗೆ ಬರುವ ರೈತರಲ್ಲಿ ಬೀಜ, ಗೊಬ್ಬರ ಕೇಳುವವರ ನಡುವೆ ಒಬ್ಬಿಬ್ಬರಾದರೂ ಹೊಸ ಟ್ರಾಕ್ಟರು ಕೊಂಡವರು ಇದ್ದೇ ಇರುತ್ತಾರೆ. ಅವರದು ಬೇರೆಯೇ ಪ್ರಶ್ನೆ. "ಸಾರ್, ಕಂಪನಿ ಟೈರು ತೆಗೆದು ಅಗಲದ ಟೈರು ಹಾಕಿಸಲೋ ಬೇಡವೋ?" ಎಂದು ಕೇಳುತ್ತಾರೆ. ಪೇಟೆಯಲ್ಲಿ ಹೊಸ ಕಾರು ಕೊಂಡವರಿಗೂ ಇದೇ ಚಿಂತೆ ಹತ್ತಿಕೊಳ್ಳುವುದುಂಟು. ಕಾರಿನವರು ತಪ್ಪಿದರೆ ದುಡ್ಡು ಹೋದೀತು, ಅಷ್ಟೇ. ರೈತ ತಪ್ಪಿದರೆ ದುಡ್ಡಿನ ಜೊತೆಗೆ ಡೀಸೆಲ್ಲು, ಹೊಲದ ಮಣ್ಣು, ಕೆಲವೊಮ್ಮೆ ಬೆಳೆಯ ಸಾಲೂ ಹಾಳಾಗುತ್ತವೆ. ಹಿಂದಿನ ಎರಡು ಟೈರು ಎಂದರೆ ಅರ್ಧ ಲಕ್ಷದ ಆಸುಪಾಸಿನ ಮಾತು. ಬ್ಯಾಂಕಿನ ಮೊದಲ ಕಂತು ಕಟ್ಟುವ ಮುಂಚೆಯೇ ಈ ಖರ್ಚು ಬೇಕೇ ಎಂಬುದನ್ನು ನೀವು ಸಾವಧಾನವಾಗಿ ಯೋಚಿಸಬೇಕು.

ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ರೈತರ ಕಥೆಯನ್ನೇ ಮೊದಲು ಹೇಳುತ್ತೇನೆ. 45 ಅಶ್ವಶಕ್ತಿಯ ಟ್ರಾಕ್ಟರು ಮನೆಗೆ ಬಂದು ನಾಲ್ಕು ದಿನವಾಗಿತ್ತು. ಪೂಜೆಯ ಕುಂಕುಮ ಇನ್ನೂ ಬಾನೆಟ್ಟಿನ ಮೇಲಿತ್ತು. "ಗಾಲಿ ಸುಮ್ನೆ ತಿರುಗ್ತಾವೆ ಸಾರ್, ಮುಂದಕ್ಕೆ ಹೋಗಂಗಿಲ್ಲ. ಟೈರೇ ಸರಿ ಇಲ್ಲ ಅಂತಾರೆ ಎಲ್ರೂ. ಈಗಲೇ ಬದಲಿಸಿದ್ರೆ ಒಳ್ಳೆ ರೇಟು ಕೊಡ್ತಾರಂತೆ" ಎಂದರು. ನಾನು ಟೈರು ನೋಡುವುದಕ್ಕೆ ಮುಂಚೆ ಗಾಳಿ ಅಳೆಯುವ ಗೇಜು ತರಿಸಿದೆ. ಹಿಂದಿನ ಗಾಲಿಯಲ್ಲಿ 28 ಪೌಂಡು ಗಾಳಿ ಇತ್ತು. ಹೊಲದ ಕೆಲಸಕ್ಕೆ ಬೇಕಾದದ್ದು ಅದರ ಅರ್ಧ.

ಇದು ಯಾರ ಮೋಸವೂ ಅಲ್ಲ. ಟ್ರಾಕ್ಟರುಗಳನ್ನು ಕಾರ್ಖಾನೆಯಿಂದ ಲಾರಿಯಲ್ಲಿ ಕಟ್ಟಿ ಸಾಗಿಸುವಾಗ ಅಲುಗಾಡದೆ ಕೂಡಲಿ ಎಂದು ಟೈರಿಗೆ ಹೆಚ್ಚು ಗಾಳಿ ತುಂಬಿ ಕಳಿಸುವ ರೂಢಿ ಇದೆ. ಕೆಲಸಕ್ಕೆ ಇಳಿಸುವ ಮುಂಚೆ ಆ ಗಾಳಿಯನ್ನು ಇಳಿಸಬೇಕೆಂದು ಎಷ್ಟೋ ಕೈಪಿಡಿಗಳಲ್ಲಿ ಅಚ್ಚಾಗಿರುತ್ತದೆ. ಕೈಪಿಡಿ ಮಾತ್ರ ಪ್ಲಾಸ್ಟಿಕ್ಕಿನ ಚೀಲದಲ್ಲಿ ಭದ್ರವಾಗಿ ಸೀಟಿನ ಕೆಳಗೆ ಇರುತ್ತದೆ! ಹೆಚ್ಚು ಗಾಳಿ ತುಂಬಿದ ಟೈರು ಗೋಲಿಯಂತೆ ನೆಲದ ಮೇಲೆ ಕೂಡುತ್ತದೆ. ನಡುವಿನ ಹಲ್ಲುಗಳು ಮಾತ್ರ ಮಣ್ಣಿಗೆ ತಾಕುತ್ತವೆ, ಅಂಚಿನ ಹಲ್ಲುಗಳು ಗಾಳಿಯಲ್ಲಿರುತ್ತವೆ. ಗಾಲಿ ಜಾರದೆ ಇನ್ನೇನು ಮಾಡೀತು?

ಜಾರಿಕೆಯನ್ನು ಅಳೆಯುವ ಬಗೆ

ಗಾಲಿ ಜಾರುತ್ತಿದೆಯೋ ಇಲ್ಲವೋ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಎಣಿಸಿಯೇ ನೋಡಬೇಕು. ಇದಕ್ಕೆ ಸುಣ್ಣದ ಒಂದು ಗುರುತು, ಎರಡು ಗೂಟ, ಜೊತೆಗೆ ಒಬ್ಬ ಮನುಷ್ಯ ಸಾಕು. ಹಿಂದಿನ ಗಾಲಿಯ ಪಕ್ಕಕ್ಕೆ ಸುಣ್ಣದಿಂದ ಗೆರೆ ಎಳೆಯಿರಿ. ನೀವು ಉಳಬೇಕೆಂದಿರುವ ಹೊಲದಲ್ಲೇ, ನೇಗಿಲನ್ನು ಮೇಲೆತ್ತಿಕೊಂಡು, ಉಳುವ ಗೇರಿನಲ್ಲೇ ಟ್ರಾಕ್ಟರನ್ನು ನಡೆಸಿ. ಗಾಲಿ ಸರಿಯಾಗಿ ಹತ್ತು ಸುತ್ತು ತಿರುಗಿದ ಜಾಗದ ಎರಡೂ ತುದಿಗೆ ಗೂಟ ಹೊಡೆಯಿರಿ. ಆಮೇಲೆ ನೇಗಿಲನ್ನು ಎಂದಿನ ಆಳಕ್ಕೆ ಇಳಿಸಿ, ಉಳದೆ ಬಿಟ್ಟ ಪಕ್ಕದ ನೆಲದಲ್ಲಿ ಅದೇ ಗೂಟದಿಂದ ಗೂಟಕ್ಕೆ ಉಳುತ್ತಾ ಹೋಗಿ. ಈಗ ಎಷ್ಟು ಸುತ್ತಾಯಿತೆಂದು ಪಕ್ಕದಲ್ಲಿ ನಡೆಯುವವರು ಎಣಿಸಲಿ.

ಹನ್ನೊಂದು ಸುತ್ತಾದರೆ ಜಾರಿಕೆ ನೂರಕ್ಕೆ 9. ಹನ್ನೊಂದೂವರೆಯಾದರೆ 13. ಹನ್ನೆರಡಾದರೆ 17. ಹದಿಮೂರಾದರೆ 23, ಎಂದರೆ ನೂರು ಅಡಿ ಹೋಗಬೇಕಾದ ಗಾಲಿ 77 ಅಡಿ ಮಾತ್ರ ಹೋಗುತ್ತಿದೆ. ಉಳಿದ ಡೀಸೆಲ್ಲು ಮಣ್ಣು ಕೆರೆಯುವುದಕ್ಕೆ ಉರಿಯುತ್ತಿದೆ. ಸಾಮಾನ್ಯ ಹೊಲದ ಉಳುಮೆಯಲ್ಲಿ ಜಾರಿಕೆ ನೂರಕ್ಕೆ 10ರಿಂದ 15ರ ಒಳಗಿದ್ದರೆ ಸರಿ. ಸಡಿಲವಾದ ಮರಳು ಮಣ್ಣಿನಲ್ಲಿ ಒಂದೆರಡು ಹೆಚ್ಚಾದರೂ ಗಾಬರಿಯಿಲ್ಲ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಲ್ಲಿ ಟ್ರಾಕ್ಟರುಗಳ ಎಳೆಯುವ ಶಕ್ತಿಯನ್ನು ಪರೀಕ್ಷಿಸುವಾಗಲೂ ನೂರಕ್ಕೆ 15ರ ಜಾರಿಕೆಯನ್ನೇ ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ಒಂದು ಮಾತು ಗಮನಿಸಿ. ಜಾರಿಕೆ ತೀರಾ ಕಡಿಮೆಯಾದರೂ ಒಳ್ಳೆಯದಲ್ಲ. ನೂರಕ್ಕೆ 5 ಬಂತೆಂದರೆ ಟ್ರಾಕ್ಟರು ಬೇಡದ ಭಾರ ಹೊತ್ತುಕೊಂಡು ತಿರುಗುತ್ತಿದೆ ಎಂದರ್ಥ; ಆ ಭಾರ ಗೇರುಪೆಟ್ಟಿಗೆಗೂ ಕೇಡು, ಮಣ್ಣಿಗೂ ಕೇಡು.

ಹರಿಹರದ ರೈತರ ಹೊಲದಲ್ಲಿ ಮೊದಲ ಎಣಿಕೆ ಹದಿಮೂರು ಸುತ್ತು ಬಂತು. ಗಾಳಿಯನ್ನು 14 ಪೌಂಡಿಗೆ ಇಳಿಸಿದ ಮೇಲೆ ಹನ್ನೆರಡಾಯಿತು. ಮರುದಿನ ಹಿಂದಿನ ಎರಡೂ ಟ್ಯೂಬಿಗೆ ನೀರು ತುಂಬಿಸಿ ಮತ್ತೆ ಎಣಿಸಿದೆವು. ಹನ್ನೊಂದೂವರೆಗೆ ನಿಂತಿತು. ಖರ್ಚಾದದ್ದು ಪಂಕ್ಚರ್ ಅಂಗಡಿಯವನ ಕೂಲಿ ಮಾತ್ರ. ಟೈರು ಅದೇ ಕಂಪನಿ ಟೈರು.

ಗಾಳಿಯ ಬಗ್ಗೆ ಇನ್ನೆರಡು ಮಾತು. ಹೊಲದ ಕೆಲಸಕ್ಕೆ ಹಿಂದಿನ ಗಾಲಿಗೆ ಸಾಮಾನ್ಯವಾಗಿ 12ರಿಂದ 14 ಪೌಂಡು ಸಾಕು. ಮುಂದಿನ ಗಾಲಿಗೆ ಅದರ ಎರಡರಷ್ಟು ಅಥವಾ ಸ್ವಲ್ಪ ಹೆಚ್ಚು ಬೇಕು. ನಿಮ್ಮ ಮಾದರಿಗೆ ನಿಖರವಾಗಿ ಎಷ್ಟು ಎಂಬುದು ಕೈಪಿಡಿಯಲ್ಲಿದೆ, ಅದೇ ಕೊನೆಯ ಮಾತು. ಭಾರದ ಟ್ರೇಲರ್ ಕಟ್ಟಿ ಟಾರು ರಸ್ತೆಗೆ ಹೋಗುವಾಗ ಗಾಳಿ ಏರಿಸಲೇಬೇಕು. ಇಲ್ಲದಿದ್ದರೆ ಟೈರಿನ ಪಕ್ಕೆ ಮಡಿಸಿ ಮಡಿಸಿ ಬಿರುಕು ಬಿಡುತ್ತದೆ. ಲಾರಿ ಟೈರಿನ ಗೇಜಿನಲ್ಲಿ ಹತ್ತು ಹನ್ನೆರಡು ಪೌಂಡು ಸರಿಯಾಗಿ ತೋರಿಸುವುದಿಲ್ಲ; ಕಡಿಮೆ ಒತ್ತಡ ಅಳೆಯುವ ಗೇಜನ್ನೇ ಒಂದು ಕೊಂಡಿಡಿ. ಊರಿಗೊಂದಿದ್ದರೂ ಸಾಕು. ಪಂಕ್ಚರ್ ಅಂಗಡಿಯ ಹುಡುಗರು ಅಭ್ಯಾಸಬಲದಿಂದ ಎಲ್ಲ ಟೈರಿಗೂ ಕಲ್ಲಿನಂತೆ ಗಾಳಿ ಹೊಡೆದು ಕಳಿಸುತ್ತಾರೆ. ಗಟ್ಟಿಯಾಗಿದ್ದರೆ ರೈತರಿಗೂ ಸಮಾಧಾನ.

ನೀರು ತುಂಬಿಸುವುದು ಕಷ್ಟದ ಕೆಲಸವಲ್ಲ. ಗಾಲಿಯನ್ನು ಜಾಕಿನ ಮೇಲೆತ್ತಿ, ವಾಲ್ವು ಮೇಲ್ತುದಿಗೆ ಬರುವಂತೆ ತಿರುಗಿಸಿ, ವಾಲ್ವಿನ ಮಟ್ಟದವರೆಗೆ ನೀರು ಬಿಟ್ಟರೆ ಟ್ಯೂಬಿನ ಮುಕ್ಕಾಲು ಪಾಲು ತುಂಬಿದಂತಾಗುತ್ತದೆ. ಉಳಿದ ಕಾಲು ಪಾಲು ಗಾಳಿಗೆ. 13.6-28 ಅಳತೆಯ ಟೈರಿನಲ್ಲಿ ಹೀಗೆ ಸುಮಾರು ಒಂದೂವರೆ ನೂರು ಲೀಟರ್ ಹಿಡಿಯುತ್ತದೆ. ಗಾಲಿಯೊಂದಕ್ಕೆ ಒಂದೂವರೆ ಕ್ವಿಂಟಾಲ್ ಭಾರ ಪುಕ್ಕಟೆ ಸಿಕ್ಕಂತೆ. ಕೆಲವು ಪುಸ್ತಕಗಳಲ್ಲಿ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಲು ಹೇಳಿರುತ್ತದೆ. ಅದು ನೀರು ಹೆಪ್ಪುಗಟ್ಟುವ ಚಳಿಯ ದೇಶಗಳಿಗೆ. ನಮಗೆ ಬರಿಯ ನೀರು ಸಾಕು, ಆ ಉಪ್ಪು ಸೋರಿದರೆ ರಿಮ್ಮು ತುಕ್ಕು ಹಿಡಿಯುತ್ತದೆ. ನೀರು ತುಂಬಿದ ಮೇಲೆ ಹಿಂಭಾರ ಹೆಚ್ಚಾಗಿ ಬದು ಹತ್ತುವಾಗ ಮುಂಭಾಗ ಹಗುರವಾಗಿ ಏಳುವಂತಿದ್ದರೆ, ಮುಂದೆ ತೂಕದ ಕಬ್ಬಿಣ ಕಟ್ಟುವುದನ್ನು ಮರೆಯಬೇಡಿ. ಪ್ರಾಣದ ಪ್ರಶ್ನೆ ಅದು.

ಅಗಲದ ಟೈರು ಯಾರಿಗೆ?

ಗಾಳಿ, ಭಾರ ಸರಿಪಡಿಸಿದ ಮೇಲೂ ಜಾರಿಕೆ 17, 20 ಎಂದೇ ನಿಂತರೆ ಆಗ ಟೈರಿನ ಮಾತು ಬರುತ್ತದೆ. ಆದರೆ ಅದಕ್ಕೂ ಮುಂಚೆ ನಿಮ್ಮ ಟ್ರಾಕ್ಟರು ವರ್ಷದಲ್ಲಿ ಯಾವ ಕೆಲಸಕ್ಕೆ ಹೆಚ್ಚು ಗಂಟೆ ಓಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ.

ಭದ್ರಾ ಅಚ್ಚುಕಟ್ಟಿನಲ್ಲಿ, ಅಥವಾ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ, ಭತ್ತದ ಗದ್ದೆಗೆಂದೇ ಟ್ರಾಕ್ಟರು ಇಟ್ಟವರು ಅಗಲದ ಟೈರಿನ ಆಸೆ ಪಡುತ್ತಾರೆ. ಆದರೆ ಕೆಸರು ಹೊಡೆಯುವಾಗ ಬಹಳ ಜನ ಟೈರು ಬಿಚ್ಚಿ ಕಬ್ಬಿಣದ ಕೇಜ್‌ವೀಲು ಹಾಕುತ್ತಾರೆ. ಕೆಸರಿನಲ್ಲಿ ದುಡಿಯುವುದು ಕೇಜ್‌ವೀಲು. ನೀವು ದುಡ್ಡು ಸುರಿದ ಟೈರು ಆಗ ಮನೆಯ ಗೋಡೆಗೆ ಒರಗಿರುತ್ತದೆ. ಟೈರಿನ ಜೊತೆಗೇ ಅರ್ಧ ಕೇಜ್‌ವೀಲು ಜೋಡಿಸುವವರ ಲೆಕ್ಕ ಸ್ವಲ್ಪ ಬೇರೆ. (ಕೇಜ್‌ವೀಲನ್ನು ಹಾಗೆಯೇ ಟಾರು ರಸ್ತೆಗೆ ಹತ್ತಿಸಬೇಡಿ. ರಸ್ತೆಯೂ ಹಾಳು, ಕಾನೂನಿಗೂ ವಿರೋಧ.)

ರೋಟವೇಟರಿನ ಕೆಲಸವೇ ಹೆಚ್ಚು ಎನ್ನುವವರಿಗೆ ಒಂದು ಸಂಗತಿ ತಿಳಿದಿರಲಿ. ರೋಟವೇಟರಿನ ಅಲಗುಗಳು ತಿರುಗುತ್ತಾ ಮಣ್ಣನ್ನು ಹಿಂದಕ್ಕೆ ಒದೆಯುವಾಗ ಟ್ರಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಅಲ್ಲಿ ಗಾಲಿ ಎಳೆಯಬೇಕಾದ ಕೆಲಸ ಬಹಳ ಕಡಿಮೆ. ಕಬ್ಬು, ಇಟ್ಟಿಗೆ, ಮರಳು ಸಾಗಿಸುವವರಿಗೂ ಅಗಲದ ಟೈರಿನಿಂದ ದೊಡ್ಡ ಲಾಭವಿಲ್ಲ. ಟಾರಿನ ಮೇಲೆ ಓಡುವ ಗಾಲಿಯ ಹಲ್ಲು ಹೇಗಿದ್ದರೂ ಬೇಗ ಸವೆಯುತ್ತದೆ. ದುಬಾರಿಯ ಹಲ್ಲು ಸವೆದರೆ ಸಂಕಟ ಹೆಚ್ಚು.

ಲಾಭವಾಗುವುದು ಪಲ್ಟಿ ನೇಗಿಲು, ಒಂಬತ್ತು ಕುಳದ ಕಲ್ಟಿವೇಟರ್ ಕಟ್ಟಿ ವರ್ಷದಲ್ಲಿ ಹೆಚ್ಚಿನ ದಿನ ಸ್ವಂತಕ್ಕೂ ಬಾಡಿಗೆಗೂ ಉಳುವವರಿಗೆ. ಎಳೆಯುವ ಕೆಲಸ ಅದು. ಅಲ್ಲಿ 13.6-28 ಬದಲು 14.9-28 ಹಾಕಿದರೆ ಹೆಚ್ಚು ಹಲ್ಲು ಮಣ್ಣು ಕಚ್ಚುತ್ತವೆ. ಹಸಿಯಾದ ಎರೆಭೂಮಿಯಲ್ಲೂ ಅಗಲದ ಟೈರು ಕಡಿಮೆ ಗಾಳಿಯಲ್ಲಿ ಮೇಲುಮಣ್ಣನ್ನು ಕಡಿಮೆ ತುಳಿಯುತ್ತದೆ. ಆದರೆ ಇದರಲ್ಲೊಂದು ತಪ್ಪು ತಿಳಿವಳಿಕೆ ಇದೆ. ಮೇಲಿನ ಮಣ್ಣು ಗಟ್ಟಿಯಾಗುವುದು ಟೈರಿನ ಒತ್ತಡದಿಂದ. ಆಳದ ಮಣ್ಣು ಗಟ್ಟಿಯಾಗುವುದು ಅಚ್ಚಿನ ಮೇಲಿನ ಒಟ್ಟು ಭಾರದಿಂದ. ಟೈರು ಎಷ್ಟೇ ಅಗಲವಿರಲಿ, ನೀರು ತುಂಬಿದ ಭಾರದ ಟ್ರಾಕ್ಟರನ್ನು ಮಳೆ ಬಿದ್ದ ಮರುದಿನವೇ ಎರೆಹೊಲಕ್ಕೆ ಇಳಿಸಿದರೆ ಒಂದಡಿಯ ಕೆಳಗೆ ಗಟ್ಟಿ ಪದರ ಕೂಡುವುದನ್ನು ತಡೆಯಲಾಗದು.

ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಸಲಹೆ ಕೊಟ್ಟವನು. ಕೆಲಸಕ್ಕೆ ಸೇರಿದ ಹೊಸದು. ಮೆಕ್ಕೆಜೋಳ ಬೆಳೆಯುವ ಒಬ್ಬ ರೈತರು 14.9 ಇರುವ ಕಡೆ 16.9 ಹಾಕಿಸಲೇ ಎಂದು ಕೇಳಿದರು. ಕಾಲೇಜಿನಲ್ಲಿ ಓದಿದ್ದು ತಲೆಯಲ್ಲಿ ಬಿಸಿಯಾಗಿತ್ತು. "ಧಾರಾಳವಾಗಿ ಹಾಕಿಸಿ, ಹಿಡಿತ ಹೆಚ್ಚುತ್ತದೆ" ಎಂದುಬಿಟ್ಟೆ. ಅವರು ಆ ಟ್ರಾಕ್ಟರಿನಲ್ಲೇ ಎಡೆ ಹೊಡೆಯುತ್ತಾರೆಯೇ ಎಂದು ಕೇಳಲಿಲ್ಲ. ಮೆಕ್ಕೆಜೋಳದ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್. 14.9 ಇಂಚಿನ ಟೈರು ಎಂದರೆ ಸುಮಾರು 38 ಸೆಂಟಿಮೀಟರ್ ಅಗಲ. ಎರಡೂ ಪಕ್ಕ 11 ಸೆಂಟಿಮೀಟರ್ ಉಳಿಯುತ್ತದೆ. 16.9 ಆದರೆ 43 ಸೆಂಟಿಮೀಟರ್, ಉಳಿಯುವುದು ಎಂಟೂವರೆ. ಭಾರ ಬಿದ್ದಾಗ ಟೈರಿನ ಪಕ್ಕೆ ಉಬ್ಬುವುದನ್ನೂ ಸೇರಿಸಿದರೆ ಇನ್ನೂ ಕಡಿಮೆ. ಚಾಲಕ ಎಷ್ಟೇ ನುರಿತವನಾದರೂ ಸಾಲು ತುಳಿಯದೆ ಹೋಗಲಾರ. ಆ ವರ್ಷ ಅವರು ಎಡೆಕುಂಟೆಗೆ ಬಾಡಿಗೆ ಎತ್ತು ತಂದರು. ಮನೆಯಲ್ಲಿ ಟ್ರಾಕ್ಟರು, ಹೊಲದಲ್ಲಿ ಬಾಡಿಗೆ ಎತ್ತು! ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಅಂದಿನಿಂದ ಟೈರು ಕೇಳಿದವರಿಗೆ ನಾನು ಮೊದಲು ಕೇಳುವ ಪ್ರಶ್ನೆ, "ಎಡೆ ಯಾವುದರಲ್ಲಿ ಹೊಡೆಯುತ್ತೀರಿ?" ಎಂಬುದೇ.

ಅಳತೆ ಬದಲಿಸಿದರೆ ಟೈರಿನ ಜೊತೆಗೆ ಬೇರೆಯೂ ಬದಲಾಗುತ್ತದೆ. 13.6-28 ಎಂದರೆ 13.6 ಇಂಚು ಅಗಲ, 28 ಇಂಚಿನ ರಿಮ್ಮು. 14.9-28ಕ್ಕೂ ರಿಮ್ಮಿನ ವ್ಯಾಸ ಅದೇ 28 ಆದರೂ, ರಿಮ್ಮಿನ ಅಗಲ ಸಾಲದೆ ಬರಬಹುದು. ಗಾಲಿ ಒಟ್ಟು ಎತ್ತರದಲ್ಲಿ ನೂರಕ್ಕೆ ನಾಲ್ಕರಷ್ಟು ಹೆಚ್ಚುವುದರಿಂದ ಅದೇ ಗೇರಿನಲ್ಲಿ ಟ್ರಾಕ್ಟರು ಅಷ್ಟು ಜೋರಾಗಿ ಓಡುತ್ತದೆ. ಗಾಲಿಗಳ ಅಂತರ ಕಡಿಮೆ ಇಟ್ಟಾಗ ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ನಾಲ್ಕೂ ಗಾಲಿ ಎಳೆಯುವ ಟ್ರಾಕ್ಟರು ನಿಮ್ಮದಾದರೆ ಹಿಂದಿನ ಟೈರನ್ನು ಮಾತ್ರ ಎಂದಿಗೂ ಬದಲಿಸಬೇಡಿ. ಅದರಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಸ್ವಲ್ಪವೇ ಮುಂದೋಡುವಂತೆ ಹಲ್ಲುಚಕ್ರಗಳ ಲೆಕ್ಕ ಕಟ್ಟಿರುತ್ತಾರೆ. ಹಿಂದಿನದು ಎತ್ತರವಾದರೆ ಲೆಕ್ಕ ತಪ್ಪಿ, ಹಿಂದಿನ ಗಾಲಿ ಮುಂದಿನದನ್ನು ದಬ್ಬತೊಡಗುತ್ತದೆ. ಮುಂದಿನ ಟೈರು ಸವೆಯುತ್ತದೆ, ಒಳಗಿನ ಹಲ್ಲುಚಕ್ರಕ್ಕೆ ಪೆಟ್ಟು ಬೀಳುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ವಿವರಕ್ಕೆ ಹೊರತಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಆದುದರಿಂದ ನಿಮ್ಮ ಮಾದರಿಗೆ ತಯಾರಕರೇ ಕೈಪಿಡಿಯಲ್ಲಿ ಬದಲಿ ಅಳತೆ ಎಂದು ಕೊಟ್ಟಿರುವ ಟೈರನ್ನು ಮಾತ್ರ ಹಾಕಿಸಿ. ಪಟ್ಟಿಯಲ್ಲಿ ಇಲ್ಲದ ಅಳತೆಯನ್ನು ಅಂಗಡಿಯವರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ತೊಡಕು ಇರುವುದು ಇಲ್ಲಿ

ಇಷ್ಟೆಲ್ಲ ಅಳೆದು ಎಣಿಸಿ ತಿಳಿಯಬೇಕಾದರೆ ಟ್ರಾಕ್ಟರು ಒಂದು ಹಂಗಾಮಾದರೂ ನಿಮ್ಮ ಹೊಲದಲ್ಲಿ ದುಡಿಯಬೇಕು. ಆದರೆ ಕಂಪನಿ ಟೈರಿಗೆ ಪೂರ್ತಿ ಬೆಲೆ ಸಿಗುವುದು ಅದು ಅಂಗಡಿಯಲ್ಲಿ ಇರುವಾಗ ಮಾತ್ರ. ಒಂದು ದಿನ ಹೊಲಕ್ಕೆ ಇಳಿಯಿತೆಂದರೆ ಅದು ಹಳೆಯ ಟೈರು; ಬೆಲೆ ಕುಸಿಯುತ್ತದೆ. ಮಾರುವವರು "ಈಗಲೇ ಹೇಳಿಬಿಡಿ" ಎಂದು ಅವಸರಪಡಿಸುವುದು ಇದರಿಂದಲೇ, ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ.

ನನ್ನ ಅಭಿಪ್ರಾಯ ಹೀಗಿದೆ. ಟ್ರಾಕ್ಟರು ಕೊಳ್ಳುವ ಮುಂಚೆಯೇ ಆ ಹಂಗಾಮಿನ ಕೆಲಸ ಮಾಡಿ ನೋಡಬಹುದು. ನೀವು ಕೊಳ್ಳಬೇಕೆಂದಿರುವ ಅಶ್ವಶಕ್ತಿಯ, ಅದೇ ಅಳತೆಯ ಟೈರಿನ ಟ್ರಾಕ್ಟರು ಪಕ್ಕದ ಊರಿನಲ್ಲಿ ಯಾರದಾದರೂ ಇದ್ದೇ ಇರುತ್ತದೆ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲೂ ವಿಚಾರಿಸಬಹುದು. ಒಂದು ದಿನದ ಬಾಡಿಗೆ ಕೊಟ್ಟು ನಿಮ್ಮ ಹೊಲಕ್ಕೇ ಕರೆಸಿ, ನಿಮ್ಮ ನೇಗಿಲನ್ನೇ ಕಟ್ಟಿಸಿ, ಗೂಟ ಹೊಡೆದು ಗಾಲಿ ಎಣಿಸಿ. ಎರಡು ಅಳತೆಯ ಟೈರೂ ಸಿಕ್ಕರೆ ಎರಡನ್ನೂ ಎಣಿಸಿ. ಅರ್ಧ ಲಕ್ಷದ ನಿರ್ಧಾರಕ್ಕೆ ಒಂದು ದಿನದ ಬಾಡಿಗೆ ದುಬಾರಿಯಲ್ಲ. ಜೊತೆಗೆ ಮಾರಾಟಗಾರರಿಂದ ಆ ಮಾದರಿಯ ಬುಧ್ನಿ ಪರೀಕ್ಷಾ ವರದಿಯನ್ನು ಕೇಳಿ ಪಡೆಯಿರಿ. ಯಾವ ಅಳತೆಯ ಟೈರಿನಲ್ಲಿ, ಎಷ್ಟು ಭಾರ ಕಟ್ಟಿ, ಎಷ್ಟು ಎಳೆಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಭಾರ ಕಟ್ಟಿದಾಗಿನ ಅಂಕಿಗೂ ಕಟ್ಟದಿದ್ದಾಗಿನ ಅಂಕಿಗೂ ಇರುವ ಅಂತರ ನೋಡಿದರೆ, ನೀರು ತುಂಬುವ ಮಾತನ್ನು ನಾನು ಯಾಕೆ ಇಷ್ಟು ಹೇಳಿದೆ ಎಂಬುದು ತಿಳಿದೀತು.

ಈಗಾಗಲೇ ಟ್ರಾಕ್ಟರು ಮನೆಗೆ ಬಂದಿದ್ದರೆ ಅವಸರ ಬೇಡ. ಕಂಪನಿ ಟೈರು ಎಂದರೆ ಕೀಳು ದರ್ಜೆಯ ಟೈರು ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿದೆ. ಟ್ರಾಕ್ಟರು ತಯಾರಕರು ಟೈರು ಕೊಳ್ಳುವುದು ನೀವು ಪೇಟೆಯಲ್ಲಿ ಕಾಣುವ ಅವೇ ಟೈರು ಕಂಪನಿಗಳಿಂದ. ಅದು ಎಲ್ಲ ಬಗೆಯ ಕೆಲಸಕ್ಕೂ ಸುಮಾರಾಗಿ ಒದಗಲಿ ಎಂದು ಆರಿಸಿದ ಟೈರು; ನಿಮ್ಮ ಒಬ್ಬರ ಹೊಲಕ್ಕೆಂದು ಅಳೆದು ಹೊಲಿದ ಅಂಗಿಯಲ್ಲ, ಅಷ್ಟೇ. ಬರಿಯ ಹೆಸರಿಗಾಗಿ, ಅಳತೆ ಅದೇ ಇರುವಾಗ, ಹೊಸ ಟೈರು ತೆಗೆದು ಹೊಸ ಟೈರು ಹಾಕಿಸುವುದನ್ನು ನಾನಂತೂ ಒಪ್ಪಲಾರೆ. ಹಲ್ಲು ಸವೆಯುವವರೆಗೆ ದುಡಿಸಿ, ಆಮೇಲೆ ಹೇಗೂ ಕೊಳ್ಳುವಾಗ ನಿಮ್ಮ ಎಣಿಕೆಯ ಪ್ರಕಾರ ಅಳತೆ ಆರಿಸಿಕೊಳ್ಳಿ.

ಬದಲಿಸುವುದೇ ಸರಿ ಎಂದು ಎಣಿಕೆ ಹೇಳಿದರೆ ಬಿಲ್ಲನ್ನು ಸರಿಯಾಗಿ ನೋಡಿ. ಟ್ರಾಕ್ಟರ್ ಟೈರಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಪಟ್ಟಿ ತೋರಿಸಿದರೆ ಒಪ್ಪಬೇಡಿ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಬಹಳ ದಿನ ಬಿಸಿಲಿನಲ್ಲಿ ಒಣಗಿದ ದಾಸ್ತಾನನ್ನು ಹೊಸದೆಂದು ತರಬೇಡಿ. ಟೈರಿನ ಜವಾಬ್ದಾರಿ ಟ್ರಾಕ್ಟರು ಕಂಪನಿಯದಲ್ಲ, ಟೈರು ಕಂಪನಿಯದು. ಅದರ ಗ್ಯಾರಂಟಿ ಚೀಟಿ ಬೇರೆಯೇ ಇರುತ್ತದೆ, ತೆಗೆದಿಡಿ. ಜೋಡಿಸಿದ ಮೇಲೆ ಟ್ರಾಕ್ಟರಿನ ಹಿಂದೆ ನಿಂತು ನೋಡಿ. ಹಲ್ಲುಗಳು ಮನೆಯ ಮಾಡಿನಂತೆ ತುದಿ ಮೇಲಾಗಿ ಕಾಣಬೇಕು. ತಲೆಕೆಳಗಾಗಿದ್ದರೆ ಎಡಬಲ ಅದಲುಬದಲಾಗಿದೆ, ಮಣ್ಣು ತನ್ನಷ್ಟಕ್ಕೆ ಉದುರದೆ ಹಲ್ಲಿನ ನಡುವೆ ಮೆತ್ತಿಕೊಳ್ಳುತ್ತದೆ. ಗಾಲಿಯ ನಟ್ಟುಗಳನ್ನು ಮೊದಲ ದಿನದ ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ.

ಹರಿಹರದ ಆ ರೈತರು ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. ಹಿಂದಿನ ಟೈರು ಇನ್ನೂ ಅದೇ. ಈಗ ಅವರ ಗೇಜು ಊರಿನ ಆರು ಟ್ರಾಕ್ಟರುಗಳಿಗೆ ಓಡಾಡುತ್ತಿದೆಯಂತೆ. ಒಬ್ಬರು ಕೊಂಡುಹೋದವರು ವಾಪಸು ಕೊಟ್ಟಿಲ್ಲವೆಂದು ದೂರಿದರು. ನೀವು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಟೈರಿನ ಸಲಹೆ ಕೇಳಲು ಹೋಗುವಾಗ, ಗಾಳಿ ಎಷ್ಟಿತ್ತು, ಯಾವ ಗೇರಿನಲ್ಲಿ, ಯಾವ ನೇಗಿಲಿನಲ್ಲಿ, ಹತ್ತಕ್ಕೆ ಎಷ್ಟು ಸುತ್ತು ಬಂತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.